ಮಿಸಲ್ ಥ್ರಶ್ ನೋಡಲು ಬುಷಿ ಪಾರ್ಕಿಗೆ ಹೋಗುವವರಿಗೆ

ಚಳಿಗಾಲದಲ್ಲಿ ಲಂಡನ್ನಿಗೆ ಮಕ್ಕಳ ಮನೆಗೆಂದು ಹೋಗಿ, ಹೀಟರ್ ಪಕ್ಕ ಕೂತು ಬೇಜಾರಾದ ಹಕ್ಕಿಪ್ರಿಯರು ಬುಷಿ ಪಾರ್ಕಿಗೆ ಹೋಗಿಬನ್ನಿ. ಜನವರಿ, ಫೆಬ್ರವರಿಯೇ ಸರಿಯಾದ ಕಾಲ. ಆಗ ಮರಗಳೆಲ್ಲ ಬೋಳಾಗಿರುವುದರಿಂದ ಮಿಸಲ್ ಥ್ರಶ್ ಎಂಬ ಹಕ್ಕಿ ಸುಲಭವಾಗಿ ಕಣ್ಣಿಗೆ ಬೀಳುತ್ತದೆ.

ವಾಟರ್‌ಲೂದಿಂದ ಹ್ಯಾಂಪ್ಟನ್ ಕೋರ್ಟಿಗೆ ನೇರ ರೈಲಿದೆ, ಆಯ್ಸ್ಟರ್ ಕಾರ್ಡ್ (ಲಂಡನ್ನಿನ ಬಸ್ಸು-ರೈಲುಗಳ ಪ್ರಯಾಣದ ಕಾರ್ಡು) ನಡೆಯುತ್ತದೆ. ಥೇಮ್ಸ್ ಸೇತುವೆ ದಾಟಿ ಹ್ಯಾಂಪ್ಟನ್ ಕೋರ್ಟ್ ಅರಮನೆಯ ಲಯನ್ ಗೇಟ್ ತನಕ ನಡೆದರೆ ಎದುರಿಗೇ ಪಾರ್ಕಿನ ಬಾಗಿಲು. ಟಿಕೆಟ್ ಇಲ್ಲ.

ಚೆಸ್ಟ್‌ನಟ್ ಅವೆನ್ಯೂ ಬದಿಯ ಲೈಮ್ ಮರಗಳನ್ನು (ನಿಂಬೆಯಲ್ಲ, ಇದು ಬೇರೆಯೇ ಹೆಮ್ಮರ) ತಲೆಯೆತ್ತಿ ನೋಡಿ. ಕೊಂಬೆಗಳಲ್ಲಿ ಹಸಿರು ಉಂಡೆಗಳಂತೆ ತೂಗುವುದು ಮಿಸಲ್‌ಟೋ, ನಮ್ಮ ಮಾವಿನ ಮರದ ಬದನಿಕೆಯ ಹಾಗೆಯೇ ಪರಾವಲಂಬಿ. ಅದರ ಅಂಟಂಟಾದ ಬಿಳಿ ಹಣ್ಣು ಈ ಹಕ್ಕಿಗೆ ಪ್ರಾಣ. ಹೆಸರು ಬಂದದ್ದೂ ಅದರಿಂದಲೇ. ನೀವು ಬಾಯಿಗೆ ಹಾಕಬೇಡಿ, ವಿಷ.

ನಾನು ಕಂಡ ಹಕ್ಕಿ ಒಂದು ಉಂಡೆಯ ಕಾವಲಿಗೇ ನಿಂತಿತ್ತು. ಬ್ಲ್ಯಾಕ್‌ಬರ್ಡ್ ಒಂದು ಹತ್ತಿರದ ಕೊಂಬೆಗೆ ಬಂದದ್ದೇ ತಡ, ಟರ್‌ರ್‌ರ್ ಎಂದು ಒಣಗಂಟಲಲ್ಲಿ ಬೈಯುತ್ತ ಎರಗಿತು. ಹಾರಿದಾಗ ರೆಕ್ಕೆಯಡಿಯ ಬಿಳುಪು, ಬಾಲದ ಅಂಚಿನ ಬಿಳಿ ಎರಡೂ ಕಂಡವು. ಗುರುತಿಗೆ ಅಷ್ಟು ಸಾಕು.

ಅದರ ಚಿಕ್ಕ ನೆಂಟ ಸಾಂಗ್ ಥ್ರಶ್ ಕೂಡ ಅಲ್ಲೇ ಇರುತ್ತದೆ; ಹಳೆಯ ಹೆಸರು ಥ್ರಾಸಲ್, ಸ್ಕಾಟ್ಲೆಂಡಿನಲ್ಲಿ ಮೇವಿಸ್. ಅದು ಹಾಡಿದ್ದನ್ನೇ ಎರಡು ಮೂರು ಸಲ ಹಾಡುತ್ತದೆ, ಮಿಸಲ್ ಥ್ರಶ್ ಹಾಗೆ ಮಾಡುವುದಿಲ್ಲ. ಗಾಳಿಮಳೆಯಲ್ಲೂ ಮರದ ತುದಿಯಲ್ಲಿ ಕೂತು ಹಾಡುವ ಇದಕ್ಕೆ ಅಲ್ಲಿಯ ಹಳಬರು ಸ್ಟಾರ್ಮ್‌ಕಾಕ್ ಎನ್ನುತ್ತಾರೆ. ಹಾಗಾಗಿ ಮೋಡ ಕವಿದಿದೆಯೆಂದು ಹೊರಡುವುದನ್ನು ಮುಂದೂಡಬೇಡಿ. ಹಾಡಿಗೆ ಅಡ್ಡಿ ಬರುವುದು ಮಳೆಗಿಂತ ಹೆಚ್ಚಾಗಿ ಗಿಳಿಗಳು! ಹೌದು, ನಮ್ಮೂರಿನವೇ ಜಾತಿ, ಈಗ ಲಂಡನ್ನಿನ ತುಂಬ ಅವುಗಳದೇ ಗಲಾಟೆ.

ಬ್ರಿಟನ್ನಿನಲ್ಲಿ ಮಿಸಲ್ ಥ್ರಶ್ 2015ರಿಂದ ಕೆಂಪು ಪಟ್ಟಿಯಲ್ಲಿದೆ (ಅಪಾಯದಲ್ಲಿರುವ ಹಕ್ಕಿಗಳ ಪಟ್ಟಿ), ಹತ್ತಿರ ನುಗ್ಗಬೇಡಿ. ಪಾರ್ಕಿನಲ್ಲಿ ಓಡಾಡುವ ಜಿಂಕೆಗಳಿಂದಲೂ 50 ಮೀಟರ್ ದೂರವಿರಿ. ಹುಲ್ಲೆಲ್ಲ ಕೆಸರು, ಬೂಟು ಬೇಕೇಬೇಕು. ಜನವರಿಯಲ್ಲಿ ಸಂಜೆ ಐದರೊಳಗೇ ಸೂರ್ಯ ಮುಳುಗುತ್ತಾನೆ, ಬೆಳಿಗ್ಗೆ ಹತ್ತರೊಳಗೆ ಅಲ್ಲಿದ್ದರೆ ಒಳ್ಳೆಯದು.