ಎಂಬ್ವಿಲಾ ಕದನದ ಮಾದರಿ: ಪೋರ್ಚುಗೀಸ್ ವ್ಯೂಹ ಮುಗಿದಿದೆ, ಕಾಂಗೋ ಪಡೆ ಅರ್ಧಕ್ಕೆ ಬಂದಿದೆ

1665ರ ಅಕ್ಟೋಬರ್ 29ರಂದು, ಇಂದಿನ ಅಂಗೋಲಾದ ಉತ್ತರ ಭಾಗದಲ್ಲಿ ಕಾಂಗೋ ರಾಜ್ಯಕ್ಕೂ ಪೋರ್ಚುಗೀಸರಿಗೂ ನಡೆದ ಎಂಬ್ವಿಲಾ ಕದನವನ್ನು ಮೇಜಿನ ಮೇಲೆ ಕಟ್ಟುತ್ತಿರುವ ನನ್ನ ಕೆಲಸದಲ್ಲಿ ಈ ತಿಂಗಳು ನೆಲ ಸಿದ್ಧವಾಯಿತು. ಥರ್ಮಾಕೋಲ್ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ ದಿಬ್ಬಗಳನ್ನು ಕೆತ್ತಿ, ಮೇಲೆ ಫೆವಿಕಾಲ್ ಬಳಿದು, ಜರಡಿ ಹಿಡಿದ ಮರಳನ್ನೂ ಮರದ ಹೊಟ್ಟನ್ನೂ ಉದುರಿಸಿದ್ದೇನೆ.

ಎಂಬ್ವಿಲಾ ಎಂಬುದು ಕಾಂಗೋ ರಾಜ್ಯಕ್ಕೂ ಪೋರ್ಚುಗೀಸರ ನೆಲೆಯಾಗಿದ್ದ ಕರಾವಳಿಯ ಲುವಾಂಡಾ ಪಟ್ಟಣಕ್ಕೂ ನಡುವೆ ಸಿಕ್ಕಿಕೊಂಡಿದ್ದ ಒಂದು ಸಣ್ಣ ಸಂಸ್ಥಾನ. ಅಲ್ಲಿ ಪಟ್ಟಕ್ಕಾಗಿ ಜಗಳ ಹುಟ್ಟಿದಾಗ ಒಂದು ಪಕ್ಷ ಕಾಂಗೋ ದೊರೆ ಒಂದನೆಯ ಅಂತೋನಿಯೊನ ನೆರವು ಕೇಳಿತು, ಇನ್ನೊಂದು ಲುವಾಂಡಾದ ಮೊರೆಹೋಯಿತು. ಆದರೆ ಈ ಜಗಳ ನೆಪವಾಯಿತೆಂದೇ ನಾನು ತಿಳಿಯುತ್ತೇನೆ. ಕಾಂಗೋ ರಾಜರು ಡಚ್ಚರ ಪಕ್ಷ ವಹಿಸಿದ್ದನ್ನು ಪೋರ್ಚುಗೀಸರು ಮರೆತಿರಲಿಲ್ಲ. 1648ರಲ್ಲಿ ಡಚ್ಚರಿಂದ ಲುವಾಂಡಾವನ್ನು ಮರಳಿ ಪಡೆದಂದಿನಿಂದ ಅವರು ಕಾಂಗೋದ ಗಣಿಗಳ ಮೇಲೆ ಹಕ್ಕು ಕೇಳುತ್ತಲೇ ಇದ್ದರು.

ಒಂದು ಗೊಂಬೆಗೆ ಐವತ್ತು ಯೋಧರು ಎಂಬ ಲೆಕ್ಕ ಹಿಡಿದಿದ್ದೇನೆ. ಲುವಾಂಡಾ ಕಡೆಯ 450 ಬಂದೂಕುಧಾರಿಗಳಿಗೆ ಒಂಬತ್ತು ಗೊಂಬೆಗಳಾದವು. ಅವರ ಎರಡು ಹಗುರ ಫಿರಂಗಿಗಳನ್ನು ಮಾತ್ರ ಎರಡಾಗಿಯೇ ಉಳಿಸಿಕೊಂಡಿದ್ದೇನೆ. ಆ ಒಂಬತ್ತು ಗೊಂಬೆಗಳ ಸುತ್ತ ಇಂಬಂಗಾಲ ಎಂಬ ಅಂಗೋಲಾದ ಕಾದಾಳು ಗುಂಪುಗಳ ಯೋಧರನ್ನೂ ಪೋರ್ಚುಗೀಸರ ಆಶ್ರಯದಲ್ಲಿದ್ದ ಆಫ್ರಿಕನ್ ನಾಯಕರ ಬಿಲ್ಲುಗಾರರನ್ನೂ ನಿಲ್ಲಿಸುತ್ತ ಹೋದಂತೆ, ಈ 'ಯುರೋಪಿನ ಸೈನ್ಯ'ದಲ್ಲಿ ಬಹುಪಾಲು ಆಫ್ರಿಕದವರೇ ಎಂಬುದು ಕಣ್ಣಿಗೆ ಕಟ್ಟುತ್ತದೆ. ಬಂದೂಕುಧಾರಿಗಳಲ್ಲಿ ಬ್ರೆಜಿಲ್‌ನಿಂದ ಬಂದವರಿದ್ದರು. ದಂಡನಾಯಕ ಲೂಯಿಸ್ ಲೋಪೆಸ್ ದ ಸೆಕೇರಾ ಲುವಾಂಡಾದಲ್ಲೇ ಹುಟ್ಟಿದ, ಮಿಶ್ರ ಮೂಲದವನು. ಎದುರು ಪಕ್ಷದಲ್ಲಿ ಕಾಂಗೋ ದೊರೆಗೂ 380 ಜನರ ಬಂದೂಕು ಪಡೆಯಿತ್ತು, ಅವರಲ್ಲಿ 29 ಮಂದಿ ಪೋರ್ಚುಗೀಸರು. ನನ್ನ ಲೆಕ್ಕದಲ್ಲಿ 29 ಮಂದಿಗೆ ಒಂದು ಪೂರ್ಣ ಗೊಂಬೆಯೂ ಸಲ್ಲುವುದಿಲ್ಲವಾದರೂ ಆ 380 ಜನರಿಗಾಗಿ ಮಾಡಿದ ಎಂಟು ಗೊಂಬೆಗಳಲ್ಲಿ ಒಂದಕ್ಕೆ ಪೋರ್ಚುಗೀಸ್ ಉಡುಪು ತೊಡಿಸಿದ್ದೇನೆ. ಬಿಳಿಯರು ಒಂದು ಕಡೆ, ಕರಿಯರು ಇನ್ನೊಂದು ಕಡೆ ಎಂಬಂತೆ ಕಟ್ಟಿದ ಮಾದರಿ ಎಷ್ಟೇ ಅಂದವಾಗಿದ್ದರೂ ಅದು ಎಂಬ್ವಿಲಾ ಆಗಲಾರದು.

ಕದನದ ಯಾವ ಗಳಿಗೆಯನ್ನು ತೋರಿಸಬೇಕೆಂಬುದು ಬಹಳ ಯೋಚಿಸಬೇಕಾದ ವಿಷಯವಾಗಿತ್ತು. ಸೆಕೇರಾ ತನ್ನ ಬಂದೂಕುಧಾರಿಗಳನ್ನೂ ಫಿರಂಗಿಗಳನ್ನೂ ನಡುವೆ ವಜ್ರಾಕಾರದಲ್ಲಿ ನಿಲ್ಲಿಸಿ, ಬಿಲ್ಲುಗಾರರನ್ನು ಎರಡು ಪಕ್ಕಗಳಲ್ಲಿ ಇರಿಸಿದ್ದನು. ಕಾಂಗೋ ಪಡೆ ಆ ಪಕ್ಕಗಳ ಬಹುಭಾಗವನ್ನು ಮೊದಲಿಗೇ ಗುಡಿಸಿಹಾಕಿತು. ನಡುವಿನ ವ್ಯೂಹವನ್ನು ಒಡೆಯಲು ಮಾತ್ರ ಅದಕ್ಕೆ ಆಗಲಿಲ್ಲ. ದೊರೆ ಸತ್ತ ಮೇಲಿನ ಚದುರುವಿಕೆಯನ್ನು ತೋರಿಸಿದರೆ ನೋಡುವವರಿಗೆ ಸೋಲು ಮೊದಲೇ ಬರೆದಿಟ್ಟದ್ದೆನಿಸುತ್ತದೆ. ಆದ್ದರಿಂದ ಪಕ್ಕಗಳು ಕುಸಿದು, ಗುರಾಣಿ ಪಡೆ ವ್ಯೂಹದ ಮೇಲೆ ನುಗ್ಗುತ್ತಿರುವ, ಗೆಲುವು ಇನ್ನೂ ಯಾರದೆಂದು ತೀರ್ಮಾನವಾಗದ ಗಳಿಗೆಯನ್ನೇ ಆರಿಸಿಕೊಂಡೆ.

ಆ ಗುರಾಣಿ ಪಡೆಯೇ ಈಗ ಕೈಯಲ್ಲಿರುವ ಕೆಲಸ. ಕತ್ತಿ ಮತ್ತು ದೊಡ್ಡ ಗುರಾಣಿ ಹಿಡಿದ ಸುಮಾರು 5,000 ಆಯ್ದ ಯೋಧರಿಗೆ ನೂರು ಗೊಂಬೆಗಳು ಬೇಕು. ಗುರಾಣಿಗಳನ್ನು ಹಳೆಯ ಲಗ್ನಪತ್ರಿಕೆಗಳ ದಪ್ಪ ಕಾಗದದಲ್ಲಿ ಕತ್ತರಿಸಿ, ಪೆನ್ಸಿಲಿನ ಮೇಲೆ ಒತ್ತಿ ತುಸು ಬಾಗಿಸಿ, ನೀರು ಬೆರೆಸಿದ ಫೆವಿಕಾಲ್ ಎರಡು ಸಲ ಹಚ್ಚಿದರೆ ಗಟ್ಟಿಯಾಗಿ ನಿಲ್ಲುತ್ತವೆ, ಬಣ್ಣವನ್ನೂ ಚೆನ್ನಾಗಿ ಹಿಡಿಯುತ್ತವೆ. ಕಾಂಗೋ ನಾಡು ರಾಫಿಯಾ ತಾಳೆನಾರಿನ ಬಟ್ಟೆಗೆ ಹೆಸರಾಗಿದ್ದರಿಂದ ಸೊಂಟದ ಉಡುಗೆಗೆ ಗೋಣಿಚೀಲದ ಎಳೆಗಳನ್ನು ಬಿಡಿಸಿ ಅಂಟಿಸುತ್ತಿದ್ದೇನೆ. ಅರ್ಧದಷ್ಟು ಗೊಂಬೆಗಳು ಮುಗಿದಿವೆ.

ಮಾದರಿಯ ಮುಂದೆ ಇಡುವ ಫಲಕದ ಬರಹವನ್ನೂ ಸಿದ್ಧಪಡಿಸಿದ್ದೇನೆ. ಅಂತೋನಿಯೊ ಹತನಾದದ್ದು, ಅವನ ತಲೆಯನ್ನು ಲುವಾಂಡಾದ ನಜರೆ ಮಾತೆಯ ಚರ್ಚಿನಲ್ಲಿ ಹೂಳಿದ್ದು, ಕಿರೀಟವನ್ನು ಲಿಸ್ಬನ್ನಿಗೆ ಕಳುಹಿಸಿದ್ದು, ಪಟ್ಟಕ್ಕಾಗಿ ಕಿಂಪಾಂಜು ಮತ್ತು ಕಿನ್ಲಾಜಾ ಮನೆತನಗಳ ನಡುವೆ ದೀರ್ಘ ಅಂತರ್ಯುದ್ಧ ನಡೆದದ್ದು ಅದರಲ್ಲಿ ಬರುತ್ತವೆ. ಅಷ್ಟಕ್ಕೇ ನಿಲ್ಲಿಸಲು ಮನಸ್ಸು ಒಪ್ಪಲಿಲ್ಲ. 1670ರ ಅಕ್ಟೋಬರ್ 18ರಂದು ಕಿಟೊಂಬೊದಲ್ಲಿ ಕಾಂಗೋ ಕರಾವಳಿಯ ಸೊಯೊ ಸಂಸ್ಥಾನದ ಪಡೆ ಪೋರ್ಚುಗೀಸ್ ಸೈನ್ಯವನ್ನು ಸೋಲಿಸಿತೆಂಬ ಸಾಲನ್ನೂ ಅದೇ ಅಳತೆಯ ಅಕ್ಷರಗಳಲ್ಲಿ ಸೇರಿಸಿದ್ದೇನೆ. ಉಳಿದ ಗುರಾಣಿಗಳು ಒಣಗಿದ ಮೇಲೆ ಕಾಂಗೋದ ಬಿಲ್ಲುಗಾರರ ಕೆಲಸಕ್ಕೆ ಕೈಹಚ್ಚುತ್ತೇನೆ. ಅವರ ಸಂಖ್ಯೆ ಹೆಚ್ಚಿರುವುದರಿಂದ ಎರಡು ಮೂರು ಭಂಗಿಗಳ ಅಚ್ಚು ಮಾಡಿಕೊಂಡು ಎರಕ ಹೊಯ್ಯುವ ಯೋಚನೆಯಿದೆ.