ಯು2 ಬ್ಯಾಂಡಿನ ಕೂಸು, ಕುಲಾವಿ ಮತ್ತು ನಿಂಬೆಹಣ್ಣು

ಮುಂಬೈ ಕನ್ನಡಿಗರೆಂದರೆ ಊರಿನವರಿಗೆ ನೆನಪಾಗುವುದು ಉಡುಪಿ ಹೋಟೆಲು, ಮಾಟುಂಗದ ಮೈಸೂರು ಅಸೋಸಿಯೇಷನ್, ಮಳೆಗಾಲಕ್ಕೆ ಊರಿಂದ ಬರುವ ಯಕ್ಷಗಾನ ಮೇಳ. ಡೊಂಬಿವಲಿಯಿಂದ ದಾದರಿಗೆ ಲೋಕಲ್ ಬಾಗಿಲಲ್ಲಿ ನೇತಾಡಿಕೊಂಡು ಹೋಗುವವನ ಇಯರ್‌ಫೋನಿನಲ್ಲಿ ಗಿಟಾರ್ ಮೊರೆಯುತ್ತಿರಬಹುದು ಎಂದು ಯಾರಿಗೂ ಹೊಳೆಯುವುದಿಲ್ಲ. ಇಲ್ಲಿ ರಾಕ್ ಕೇಳುವ ಕನ್ನಡಿಗರಿದ್ದಾರೆ, ಅವರೊಳಗೆ ಇನ್ನೂ ತೀರದ ವ್ಯಾಜ್ಯವೊಂದಿದೆ. ಐರ್ಲೆಂಡಿನ ಯು2 ಬ್ಯಾಂಡ್ 1997ರಲ್ಲಿ ತಂದ 'ಪಾಪ್' ಆಲ್ಬಮ್ ಮತ್ತು ಅದರ ಬೆನ್ನಿಗೇ ಹೊರಟ 'ಪಾಪ್‌ಮಾರ್ಟ್' ಪ್ರವಾಸ ಕೆಟ್ಟದ್ದೋ ಒಳ್ಳೆಯದೋ ಎಂಬುದು.

"ಅದು ಡಿಸ್ಕೊ ಮಾರಾಯ್ರೆ, ಯು2 ಎಂತದು!" ಎಂದು ಕರಾವಳಿ ಕಡೆಯ ದನಿಯೊಂದು ಶುರುಮಾಡಿದರೆ, "ಮೊದಲ ಹಾಡ ಕೇಳಿ ಎದ್ದು ಬಂದೋರು ನೀವು, ಪೂರಾ ಕೇಳ್ರಿ, ಆಮ್ಯಾಲೆ ಮಾತಾಡೋಣ" ಎಂದು ಧಾರವಾಡದ ಕಡೆಯದು ಎದುರಾಗುತ್ತದೆ. 2019ರ ಡಿಸೆಂಬರ್ 15ರಂದು ಯು2 ಕೊನೆಗೂ ನವಿ ಮುಂಬೈಯ ಡಿ.ವೈ. ಪಾಟೀಲ್ ಸ್ಟೇಡಿಯಂಗೆ ಬಂತು. 'ಜೋಶುವಾ ಟ್ರೀ' ಆಲ್ಬಮಿನ ಹನ್ನೊಂದೂ ಹಾಡು ನುಡಿಸಿತು, ಎ.ಆರ್. ರೆಹಮಾನರನ್ನೂ ವೇದಿಕೆಗೆ ಕರೆಯಿತು, 'ಪಾಪ್'ನದು ಮಾತ್ರ ಒಂದನ್ನೂ ಮುಟ್ಟಲಿಲ್ಲ. "ಅವರಿಗೇ ಬೇಡವಾದ ಕೂಸು" ಎಂದು ಒಂದು ಬಣ ಗೆದ್ದಷ್ಟು ಹಿಗ್ಗಿತು.

ನಮ್ಮ ತೀರ್ಪು ಹೀಗೆ: ಡಿಸ್ಕೊ ಮಾಡಿದ್ದು ತಪ್ಪಲ್ಲ, ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ್ದು ತಪ್ಪು. ಆಲ್ಬಮ್ 1996ರ ಕ್ರಿಸ್‌ಮಸ್ ಹೊತ್ತಿಗೆ ಬರಬೇಕಿತ್ತು. ಆ ನಂಬಿಕೆಯಲ್ಲೇ ಮುಂದಿನ ವರ್ಷದ ಸ್ಟೇಡಿಯಂಗಳನ್ನು ಕಾದಿರಿಸಿಬಿಟ್ಟರು. ಇತ್ತ ಡ್ರಮ್ಮರ್ ಲ್ಯಾರಿ ಮಲೆನ್‌ಗೆ ಬೆನ್ನಿನ ಶಸ್ತ್ರಚಿಕಿತ್ಸೆಯಾಗಿ, ಮೊದಮೊದಲ ಕೆಲಸವೆಲ್ಲ ಅವನಿಲ್ಲದೆ ಡ್ರಮ್ ಲೂಪುಗಳ, ಅಂದರೆ ಮತ್ತೆ ಮತ್ತೆ ತಿರುಗುವ ರೆಕಾರ್ಡಾದ ತಾಳದ ತುಣುಕುಗಳ, ಮೇಲೆ ನಡೆಯಿತು. ಅವನು ಮರಳಿದ ಮೇಲೆ ಲೂಪಿನ ಮೇಲೆ ಕಟ್ಟಿದ್ದನ್ನು ಬಿಚ್ಚಿ, ಕೈಯಿಂದ ಬಾರಿಸುವ ಡ್ರಮ್ಮಿಗೆ ಹೊಂದಿಸುವ ಕೆಲಸ. ಫ್ಲಡ್, ಹೌವೀ ಬಿ, ಸ್ಟೀವ್ ಓಸ್ಬೋರ್ನ್ ಎಂದು ನಿರ್ಮಾಪಕರೇ ಮೂವರು. 'ಲಾಸ್ಟ್ ನೈಟ್ ಆನ್ ಅರ್ಥ್' ಹಾಡಿನ ಪಲ್ಲವಿ ಕೂಡಿದ್ದು ರೆಕಾರ್ಡಿಂಗಿನ ಕೊನೆಯ ರಾತ್ರಿ. 1997ರ ಫೆಬ್ರವರಿ 12ರಂದು ನ್ಯೂಯಾರ್ಕಿನ ಕೆ-ಮಾರ್ಟ್ ಅಂಗಡಿಯಲ್ಲಿ, ಹೆಂಗಸರ ಒಳಉಡುಪಿನ ವಿಭಾಗದಲ್ಲಿ ನಿಂತು ಪ್ರವಾಸ ಘೋಷಿಸಿದರು. ಮಾರ್ಚ್ ಆರಂಭಕ್ಕೆ ಆಲ್ಬಮ್, ಏಪ್ರಿಲ್ 25ಕ್ಕೆ ಲಾಸ್ ವೇಗಸ್‌ನಲ್ಲಿ ಮೊದಲ ಪ್ರದರ್ಶನ. ತಾಲೀಮಿಗೆ ಎಲ್ಲಿದೆ ಸಮಯ? ಆ ಮೊದಲ ರಾತ್ರಿ 'ಸ್ಟೇರಿಂಗ್ ಅಟ್ ದ ಸನ್' ಹಾಡು ನಡುವೆಯೇ ಹಳಿತಪ್ಪಿ, ನಿಲ್ಲಿಸಿ ಮತ್ತೆ ಮೊದಲಿಂದ ಶುರುಮಾಡಬೇಕಾಯಿತು. ಮುಂದೆ ಅದನ್ನು ಬರಿಯ ಅಕೌಸ್ಟಿಕ್ ಗಿಟಾರಿಗೆ ಇಳಿಸಿದರು, ಆಗ ಸರಿಹೋಯಿತು.

ಡಿಸ್ಕೊ ಎಂಬ ದೂರು ಹುಟ್ಟಿದ್ದು ಬಿಡಿ ಹಾಡಾಗಿ ಬಂದ ಮೊದಲ ಸಿಂಗಲ್ 'ಡಿಸ್ಕೊಥೆಕ್'ನಿಂದ, ಅದರ ವಿಡಿಯೋದಲ್ಲಿ ನಾಲ್ವರೂ ಎಪ್ಪತ್ತರ ದಶಕದ ಡಿಸ್ಕೊ ತಂಡ ವಿಲೇಜ್ ಪೀಪಲ್‌ನವರಂತೆ ವೇಷ ಹಾಕಿ ಕುಣಿದದ್ದರಿಂದ. ಆದರೆ ಆಲ್ಬಮ್ ಹನ್ನೆರಡು ಹಾಡು, ಒಂದು ಗಂಟೆ. ಕುಣಿತದ ಹಾಡೆನಿಸಿಕೊಳ್ಳುವ 'ಮೋಫೊ' ಬ್ಯಾಂಡಿನ ಗಾಯಕ ಬೋನೊ ತನ್ನ ತಾಯಿಗೆ ಹಾಡಿದ್ದು. ಅವನ ಹದಿನಾಲ್ಕನೇ ವಯಸ್ಸಿಗೆ ಆಕೆ ತೀರಿಕೊಂಡಿದ್ದಳು. 'ಪ್ಲೀಸ್' ಉತ್ತರ ಐರ್ಲೆಂಡಿನ ಹಿಂಸೆಯ ಕುರಿತದ್ದು. ಆ ಸಿಂಗಲ್‌ನ ಹೊದಿಕೆಯ ಮೇಲೆ ಅಲ್ಲಿನ ನಾಲ್ವರು ರಾಜಕಾರಣಿಗಳ ಚಿತ್ರವಿತ್ತು, ಅವರಲ್ಲಿ ಜಾನ್ ಹ್ಯೂಮ್ ಮತ್ತು ಡೇವಿಡ್ ಟ್ರಿಂಬಲ್‌ಗೆ ಮರುವರ್ಷ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಇಷ್ಟನ್ನೆಲ್ಲ 'ಪೊಳ್ಳು' ಎಂದು ತಳ್ಳಿಹಾಕುವವರು ನಾಲ್ಕನೇ ಹಾಡಿನ ತನಕವೂ ಕೂತಿರಲಿಕ್ಕಿಲ್ಲ.

ವಾದ ಬಾಯಿಮಾತಿನಲ್ಲಿ ತೀರುವುದಿಲ್ಲ. ಹಾಡುಗಳ ಬೇರೆ ಬೇರೆ ಆವೃತ್ತಿಗಳನ್ನು ಒಂದರ ಪಕ್ಕ ಒಂದಿಟ್ಟು ಕೇಳಬೇಕು, ಅದಕ್ಕೊಂದು ಕ್ರಮವಿದೆ. ಮುಂಬೈಯ ಹತ್ತು-ಹನ್ನೆರಡು ಅಡಿ ಕೋಣೆಯಲ್ಲಿ ಜನ ಮಾಡುವ ಮೊದಲ ತಪ್ಪು ಒಂದೇ ಒಂದು ಬ್ಲೂಟೂತ್ ಡಬ್ಬಿಯಲ್ಲಿ ಹಾಕಿ ತೀರ್ಪು ಕೊಡುವುದು. ಎಡ ಬಲ ಕಲೆತುಹೋಗಿ ದನಿಯ ಪದರಗಳೆಲ್ಲ ಅಂಟಿಕೊಳ್ಳುತ್ತವೆ, 'ಪಾಪ್'ನಂಥ ಪದರ ಪದರದ ಆಲ್ಬಮಿಗೆ ಅದು ಅನ್ಯಾಯ. ಎರಡು ಸ್ಪೀಕರ್ ಬೇಕು, ನಡುವೆ ಐದಾರು ಅಡಿ ಅಂತರ, ಕೇಳುವವರೂ ಅಷ್ಟೇ ದೂರದಲ್ಲಿ ನಡುವೆ. ಮೂಲೆಗೆ ತಾಗಿಸಿಟ್ಟರೆ ಬೇಸ್ ಗುಂಯ್ ಎಂದು ಉಬ್ಬುತ್ತದೆ, 'ಮೋಫೊ' ಪಕ್ಕದ ಫ್ಲಾಟಿನವರಿಗೆ ಗೋಡೆಯಲ್ಲೇ ಕೇಳುತ್ತದೆ; ಗೋಡೆಯಿಂದ ಒಂದಡಿಯಾದರೂ ಈಚೆಗಿರಲಿ. ಇದು ಆಗದಿದ್ದರೆ ತಂತಿಯ ಇಯರ್‌ಫೋನ್ ಸಾಕು.

ಎರಡನೇ ತಪ್ಪು ಇನ್ನೂ ಸೂಕ್ಷ್ಮ. ಒಂದೇ ಹಾಡಿನ ಎರಡು ಆವೃತ್ತಿಗಳಲ್ಲಿ ಒಂದು ಡೆಸಿಬೆಲ್ಲಿನಷ್ಟು ಜೋರಾಗಿರುವುದೇ ಕಿವಿಗೆ 'ಚೆನ್ನಾಗಿದೆ' ಎನಿಸುತ್ತದೆ. ಫೋನಿನ ಡೆಸಿಬೆಲ್ ಆಪನ್ನು ಕೂರುವ ಜಾಗದಲ್ಲಿ ಕಿವಿಯ ಎತ್ತರಕ್ಕೆ ಹಿಡಿದು, ಎರಡೂ ಆವೃತ್ತಿಯ ಪಲ್ಲವಿಯಲ್ಲಿ ಸರಾಸರಿ 75ರ ಆಸುಪಾಸು ಬರುವಂತೆ ಜೋರಾದದ್ದನ್ನು ತಗ್ಗಿಸಿ. ಫೋನಿನ ಅಳತೆ ಕರಾರುವಾಕ್ಕಲ್ಲ. ಆದರೆ ಬೇಕಿರುವುದು ಎರಡರ ವ್ಯತ್ಯಾಸ, ಅದಕ್ಕೆ ಸಾಲುತ್ತದೆ.

ಮೊದಲು 'ಪ್ಲೀಸ್': ಆಲ್ಬಮಿನದು, ಬೆನ್ನಿಗೇ ಅದೇ ವರ್ಷದ ಸಿಂಗಲ್‌ನದು. ಸಿಂಗಲ್‌ಗೆ ಹಾಡನ್ನು ಹೊಸದಾಗಿ ನುಡಿಸಿ ತಂತಿವಾದ್ಯ ಸೇರಿಸಿದ್ದಾರೆ. ಹಾಡು ಏರುವ ಕಡೆ ಆಲ್ಬಮಿನಲ್ಲಿ ಹಿಡಿದಿಟ್ಟಂತಿದ್ದದ್ದು ಇಲ್ಲಿ ಬಿಡುಗಡೆಯಾಗುತ್ತದೆ. ಆಮೇಲೆ 'ಗಾನ್': ಆಲ್ಬಮಿನದು, 2002ರ ಸಂಕಲನದ ಹೊಸ ಮಿಕ್ಸ್ (ದನಿಗಳ ಏರಿಳಿತವನ್ನು ಮತ್ತೆ ಹೊಂದಿಸಿದ್ದು), ಕೊನೆಗೆ ಪಾಪ್‌ಮಾರ್ಟ್ ಪ್ರವಾಸದ ಮೆಕ್ಸಿಕೊ ಸಿಟಿಯ ವೇದಿಕೆಯದು. ಗಿಟಾರಿಸ್ಟ್ ಎಡ್ಜ್‌ನ ಗಿಟಾರು ಸೈರನ್ನಿನಂತೆ ಕೂಗುವ ಜಾಗವೊಂದನ್ನೇ ಮೂರರಲ್ಲೂ ಹಿಂಬಾಲಿಸಿ, ಬೇರೆಲ್ಲ ಬಿಟ್ಟುಬಿಡಿ. 2002ರ ಸಂಕಲನಕ್ಕೆ 'ಡಿಸ್ಕೊಥೆಕ್' ಮತ್ತು 'ಸ್ಟೇರಿಂಗ್ ಅಟ್ ದ ಸನ್' ಕೂಡ ಹೊಸ ಮಿಕ್ಸಾದವು. ಆಲ್ಬಮಿನ ಹಾಡಿಗೆ ಬ್ಯಾಂಡೇ ಇಷ್ಟು ಸಲ ಕೈಹಾಕಿದೆಯೆಂದರೆ ಮೊದಲ ಸಲ ಕೆಲಸ ಮುಗಿದಿರಲಿಲ್ಲ ಎಂದೇ ಅರ್ಥ. ಹಾಡಿನಲ್ಲಿ ಹುರುಳಿಲ್ಲದಿದ್ದರೆ ಅಷ್ಟು ಸಲ ಕೈ ಹಾಕುತ್ತಲೂ ಇರಲಿಲ್ಲ. ಹಾಂ, ರಾತ್ರಿ ಹತ್ತಕ್ಕೆ ಮುಗಿಸಿ. ವಾಚ್‌ಮನ್ ಇಂಟರ್‌ಕಾಮ್ ಮಾಡುವ ಮೊದಲು.

ಪ್ರವಾಸದ ಮಾತಿಗೆ ಬಂದರೆ ಜಗಳದ ಧಾಟಿಯೇ ಬೇರೆ. ಸೂಪರ್‌ಮಾರ್ಕೆಟ್ ಸಂಸ್ಕೃತಿಯನ್ನು ಗೇಲಿಮಾಡಲೆಂದು ನೂರು ಅಡಿ ಎತ್ತರದ ಹೊಂಬಣ್ಣದ ಕಮಾನು, ಅಷ್ಟೇ ಉದ್ದದ ಹಲ್ಲುಕಡ್ಡಿಯ ತುದಿಗೆ ಚುಚ್ಚಿದ ಆಲಿವ್ ಕಾಯಿ, ನಲವತ್ತು ಅಡಿಯ ಕನ್ನಡಿ ಹೊದ್ದ ನಿಂಬೆಹಣ್ಣು. "ಗೇಲಿ ಮಾಡಲು ಹೋಗಿ ತಾವೇ ಸಂತೆಯಾದರು" ಎಂಬ ಟೀಕೆಯಲ್ಲಿ ಹುರುಳಿದೆ. ಅಮೆರಿಕದ ಎಷ್ಟೋ ಸ್ಟೇಡಿಯಂಗಳಲ್ಲಿ ಸೀಟು ಖಾಲಿ ಉಳಿದವು. ಆದರೂ 93 ಪ್ರದರ್ಶನಗಳಿಗೆ ಬಂದವರು ನಲವತ್ತು ಲಕ್ಷದ ಹತ್ತಿರ.

ಆ ಅಬ್ಬರದಲ್ಲಿ ಜನ ಗಮನಿಸದೇ ಹೋದದ್ದು ಪರದೆ. ಸುಮಾರು 52 ಮೀಟರ್ ಅಗಲ, 17 ಮೀಟರ್ ಎತ್ತರ, ಹತ್ತು ಲಕ್ಷದಷ್ಟು ಎಲ್‌ಇಡಿ. ಪ್ರಖರ ನೀಲಿ ಎಲ್‌ಇಡಿ ಜಪಾನಿನಿಂದ ಹೊರಬಿದ್ದದ್ದೇ 1993ರಲ್ಲಿ. ಕೆಂಪು-ಹಸಿರು-ನೀಲಿ ಮೂರೂ ಸೇರದೆ ಬಣ್ಣದ ಪರದೆ ಆಗುವಂತಿರಲಿಲ್ಲ, ಹಾಗಾಗಿ ಅದಕ್ಕೂ ಮೊದಲು ಇಷ್ಟು ದೊಡ್ಡದನ್ನು ಯಾರೂ ಹೊತ್ತು ತಿರುಗುವಂತಿರಲಿಲ್ಲ. ಆದರೆ ಅಷ್ಟು ವಿಸ್ತಾರಕ್ಕೆ ಹತ್ತು ಲಕ್ಷ ಏನೇನೂ ಸಾಲದು. ಚುಕ್ಕೆಗಳ ನಡುವೆ ಬೆರಳು ತೂರುವಷ್ಟು ಜಾಗ. ಮುಖದ ಸೂಕ್ಷ್ಮ ಅದರಲ್ಲಿ ಮೂಡದು, ಹತ್ತಿರದಿಂದ ಬರೀ ಚುಕ್ಕೆ. ಅಮೆರಿಕದ ಕಲಾವಿದರಾದ ಕೀತ್ ಹ್ಯಾರಿಂಗ್, ರಾಯ್ ಲಿಕ್ಟೆನ್‌ಸ್ಟೈನ್ ಅವರ ದಪ್ಪ ಗೆರೆಯ ಚಿತ್ರಗಳು ಅಲ್ಲಿ ಅಷ್ಟು ಎದ್ದುಕಂಡದ್ದಕ್ಕೆ ಇದೂ ಕಾರಣ. ಇವತ್ತು ಮಂಗಳೂರಿನ ಮದುವೆ ಹಾಲಿಗೆ ಬಾಡಿಗೆಗೆ ಬರುವ ಅರ್ಧ ಮೀಟರ್ ಚೌಕದ ಒಂದು ಹಲಗೆಯಲ್ಲಿ (ಚುಕ್ಕೆಯಿಂದ ಚುಕ್ಕೆಗೆ 3.9 ಮಿ.ಮೀ. ಎಂದು ಪಿ3.9 ಎನ್ನುತ್ತಾರಲ್ಲ, ಅದು) 128ಕ್ಕೆ 128, ಅಂದರೆ 16,384 ಚುಕ್ಕೆ. ಒಂದೊಂದು ಚುಕ್ಕೆಯಲ್ಲೂ ಕೆಂಪು-ಹಸಿರು-ನೀಲಿ ಮೂರು ಎಲ್‌ಇಡಿ, ಹಾಗಾಗಿ ಇಂದಿನ ವಧೂವರರು ಅರವತ್ತು ಹಲಗೆಯಲ್ಲಿ ಪಾಪ್‌ಮಾರ್ಟನ್ನು ಎಷ್ಟೋ ಹಿಂದೆ ಹಾಕಿರುತ್ತಾರೆ.

ಸ್ಪೀಕರುಗಳ ವಿಚಾರ ಇನ್ನೂ ವಿಚಿತ್ರ. ಮಾಮೂಲಿನಂತೆ ಎಡಕ್ಕೊಂದು ಬಲಕ್ಕೊಂದು ಗೋಪುರ ನಿಲ್ಲಿಸಿದರೆ ಪರದೆ ಮುಚ್ಚಿಹೋಗುತ್ತದೆ. ಅದಕ್ಕೆ ಕಿತ್ತಳೆ ಬಣ್ಣದ ಒಂದೇ ಗೊಂಚಲನ್ನು ಕಮಾನಿಗೆ ನೇತುಹಾಕಿದರು, ಶಬ್ದ ಎಡಬಲ ಭೇದವಿಲ್ಲದ ಮೋನೊ ಆಯಿತು. "ಸ್ಟೇಡಿಯಂಗೆ ಮೋನೊನಾ?" ಎಂದು ನಗುವವರು ಒಂದು ಯೋಚಿಸಬೇಕು: ಎಡ ಸ್ಟ್ಯಾಂಡಿನವನಿಗೆ ಬಲಗಡೆಯದು ಹೇಗೂ ಸರಿಯಾಗಿ ಕೇಳದು, ಸ್ಟೀರಿಯೋ ದಕ್ಕುವುದು ನಡುವಿನ ಕೆಲವರಿಗೆ ಮಾತ್ರ.

ನಿಂಬೆಹಣ್ಣು ಕೆಲಸ ಮಾಡುತ್ತಿದ್ದುದು ಹೀಗೆ. ನಾಲ್ವರೂ ಒಳಗೆ ಸೇರಿಕೊಳ್ಳುವುದು, ಮೋಟರಿನ ಮೇಲೆ ಅದು ಜನರ ನಡುವಿನ ಪುಟ್ಟ ವೇದಿಕೆಯತ್ತ ಸರಿಯುವುದು, ಮೇಲಿನ ಅರ್ಧ ಎತ್ತಿಕೊಂಡು ಮೆಟ್ಟಿಲಿಳಿದು ಬರುವುದು. 1997ರ ಆಗಸ್ಟಿನಲ್ಲಿ ಆಸ್ಲೊದಲ್ಲಿ ಬಾಯಿ ಅರ್ಧ ತೆರೆದು ನಿಂತೇಬಿಟ್ಟಿತು. ಸಾವಿರಾರು ಜನರ ಕಣ್ಣೆದುರು ಹಿಂದುಗಡೆಯಿಂದ ಇಳಿದು ಹೋಗಬೇಕಾಯಿತು. ವಿರೋಧಿ ಬಣ ಮಾತು ಶುರುಮಾಡುವುದೇ ಇದರಿಂದ. ಅದೇ ಪ್ರವಾಸ ಸೆಪ್ಟೆಂಬರ್ 23ಕ್ಕೆ, ಯುದ್ಧ ಮುಗಿದು ಎರಡು ವರ್ಷ ತುಂಬದ ಸರಯೇವೊ ಮುಟ್ಟಿತೆಂದು ಅವರು ಹೇಳುವುದಿಲ್ಲ. ಬೋನೊನ ಗಂಟಲು ಕಟ್ಟಿಹೋಗಿತ್ತು, ಹಾಡಿದ್ದು ಜನ. ಎಡ್ಜ್ ಒಬ್ಬನೇ ಗಿಟಾರ್ ಹಿಡಿದು 'ಸಂಡೇ ಬ್ಲಡಿ ಸಂಡೇ' ಹಾಡಿದ. ಲಾಸ್ ವೇಗಸ್‌ನ ತೊದಲು ಅಷ್ಟರಲ್ಲಿ ಹೋಗಿತ್ತು. ಡಿಸೆಂಬರಿನ ಮೆಕ್ಸಿಕೊ ಪ್ರದರ್ಶನದ ವಿಡಿಯೋ ಸಿಗುತ್ತದೆ. 'ಪ್ಲೀಸ್' ಮುಗಿಯುತ್ತ ಡ್ರಮ್ಮು ನಿಲ್ಲದೆ 'ಜೋಶುವಾ ಟ್ರೀ'ಯ 'ವೇರ್ ದ ಸ್ಟ್ರೀಟ್ಸ್ ಹ್ಯಾವ್ ನೋ ನೇಮ್'ಗೆ ದಾಟುವ ಜಾಗ ನೋಡಿದ ಮೇಲೂ ಪಾಪ್‌ಮಾರ್ಟ್ ಬರೀ ತಮಾಷೆ ಎನ್ನುವವರೊಡನೆ ನಾವು ವಾದಿಸುವುದಿಲ್ಲ.

ಇನ್ನು, ಊರಿನಿಂದ ಇಂಥ ಪ್ರದರ್ಶನಕ್ಕೆ ಬರುವವರಿಗೆ. ಡಿ.ವೈ. ಪಾಟೀಲ್ ಸ್ಟೇಡಿಯಂ ಇರುವುದು ನೆರೂಳಿನಲ್ಲಿ, ಮುಂಬೈ ಟಿಕೆಟ್ ಎಂದು ಕುರ್ಲಾ ತನಕ ಹೋಗಬೇಡಿ. ಮಂಗಳೂರು, ಉಡುಪಿಯವರು ಮತ್ಸ್ಯಗಂಧದಲ್ಲಿ ಪನ್ವೇಲಿಗೇ ಇಳಿದು ಹಾರ್ಬರ್ ಲೈನ್ ಲೋಕಲ್ ಹಿಡಿದರೆ ಆರನೇ ನಿಲ್ದಾಣ ನೆರೂಳ್, ಏಳನೆಯದು ಜುಯಿನಗರ. ಹುಬ್ಬಳ್ಳಿ, ಬೆಳಗಾವಿಯ ಬಸ್ಸಾದರೆ ಸಾಯನ್-ಪನ್ವೇಲ್ ಹೆದ್ದಾರಿಯ 'ನೆರೂಳ್ ಎಲ್‌ಪಿ' ಎಂಬ ಬಸ್ ನಿಲ್ದಾಣ ಎಂದು ಡ್ರೈವರಿಗೆ ಮೊದಲೇ ಹೇಳಿಡಿ. ಸ್ಟೇಡಿಯಂ ಹೆದ್ದಾರಿಯ ಮಗ್ಗುಲಿಗೇ ಇದೆ. ಭಾನುವಾರವಾದರೆ ಹಗಲು ಹಾರ್ಬರ್ ಲೈನಿನಲ್ಲಿ ಮೆಗಾಬ್ಲಾಕ್ (ಹಳಿ ದುರಸ್ತಿಗೆಂದು ರೈಲು ನಿಲ್ಲಿಸುವುದು) ಇದೆಯೇ ಎಂದು ಹಿಂದಿನ ದಿನವೇ ನೋಡಿಕೊಳ್ಳಿ.

ಮೈದಾನದ ಟಿಕೆಟ್ ತೆಗೆದವರು ವೇದಿಕೆಗೆ ನುಗ್ಗುವ ಬದಲು ಸೌಂಡ್ ಕನ್ಸೋಲಿನ ಗುಡಾರದ ಮುಂದೆ ನಿಲ್ಲಿ. ಮಿಕ್ಸ್ ಮಾಡುವವನ ಕಿವಿಗೆ ಸರಿಯಾದದ್ದೇ ನಿಮಗೂ ಬರುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ, ನೂರು ಮೀಟರ್ ಹಿಂದಿನ ಸ್ಟ್ಯಾಂಡಿನಲ್ಲಿ ಪರದೆಯ ಕೋಲು ಡ್ರಮ್ಮಿಗೆ ಬಿದ್ದು ಕಾಲು ಸೆಕೆಂಡಿನ ಮೇಲಾದ ನಂತರವೇ ಏಟು ಕೇಳುವುದು. ಮೇಲ್ಚಾವಣಿಯಡಿ ಕೂತರೆ ಪ್ರತಿಧ್ವನಿಯೂ ಸೇರುತ್ತದೆ. ಮೆಡಿಕಲ್ ಶಾಪಿನ ಸ್ಪಂಜಿನ ಇಯರ್‌ಪ್ಲಗ್ ಜೇಬಿನಲ್ಲಿರಲಿ. ಮುಗಿದ ಮೇಲೆ ಗೇಟಿನೆದುರು ನಿಂತು ಕ್ಯಾಬ್ ಬುಕ್ ಮಾಡುವುದು ವ್ಯರ್ಥ. ಎಲ್ಲರೂ ನೆರೂಳ್ ಸ್ಟೇಷನ್ನಿನತ್ತ ಒತ್ತುತ್ತಿದ್ದರೆ ನೀವು ಜುಯಿನಗರದತ್ತ ನಡೆಯಿರಿ, ವಾಪಸ್ ಟಿಕೆಟನ್ನು ಬೆಳಿಗ್ಗೆಯೇ ತೆಗೆದಿಟ್ಟುಕೊಂಡು.