ಮಳೆಗೆ ಮುಂಚೆ ಕಪಾಟು

ಮೇ ತಿಂಗಳು ಮುಗಿಯುವುದರೊಳಗೆ ಬಟ್ಟೆಯ ಕಪಾಟು ಖಾಲಿ ಮಾಡಿ ಒಣಗಿಸದಿದ್ದರೆ, ಮುಂಬೈಯಲ್ಲಿ ಮತ್ತೆ ಆ ಕೆಲಸಕ್ಕೆ ಅಕ್ಟೋಬರ್ ಬಿಸಿಲೇ ಬರಬೇಕು. ಮಳೆ ಹಿಡಿದ ಮೇಲೆ ಗಾಳಿಯ ತೇವ ಶೇಕಡಾ 80ರ ಆಸುಪಾಸಿನಲ್ಲೋ ಅದಕ್ಕೂ ಮೇಲೋ ಇರುತ್ತದೆ. ಆಗ ಹೊರತೆಗೆದ ಬಟ್ಟೆ ಇನ್ನಷ್ಟು ತೇವ ಹೀರಿಕೊಂಡೇ ಒಳಗೆ ಹೋಗುತ್ತದೆ. ಊರಲ್ಲಿ ಬೀರು ಅನ್ನುತ್ತಿದ್ದವರಿಗೂ ಮುಂಬೈ ಕಡೆಯ ಡೊಂಬಿವಲಿ, ಮುಲುಂಡ್ ಸೇರಿದ ಮೇಲೆ ಅದು ಕಪಾಟೇ. ಹೆಸರಿನ ಜತೆ ಬಟ್ಟೆ ಇಡುವ ಕ್ರಮವೂ ಬದಲಾಗಬೇಕು. ವಿಜಯಪುರದ ಒಣ ಹವೆಯಲ್ಲಿ ಒತ್ತಿ ತುಂಬಿದ ಖಾನೆಗೆ ವರ್ಷಗಟ್ಟಲೆ ಏನೂ ಆಗುವುದಿಲ್ಲ. ಇಲ್ಲಿ ಒಂದೇ ಮಳೆಗಾಲಕ್ಕೆ ಮುಗ್ಗಲು ವಾಸನೆ, ಮುಂದಿನದಕ್ಕೆ ಬೂಷ್ಟು.

ಎಲ್ಲ ಬಟ್ಟೆಯನ್ನೂ ಮಂಚದ ಮೇಲೆ ಸುರಿದುಕೊಂಡು ಶುರು ಮಾಡಿ ಎಂಬ ಸಲಹೆ ಒಂದು ಬೆಡ್‌ರೂಮಿನ ಮನೆಗೆ ಹೊಂದುವುದಿಲ್ಲ. ಮಲಗುವ ಹೊತ್ತಾಗುತ್ತದೆ, ಅರ್ಧ ವಿಂಗಡಿಸಿದ ರಾಶಿ ಮೊದಲಿಗಿಂತ ಗೋಜಲಾಗಿ ಒಳಗೆ ಸೇರುತ್ತದೆ. ದಿನಕ್ಕೊಂದೇ ಖಾನೆ ಸಾಕು, ಒಂದೂವರೆ ಗಂಟೆಯ ಕೆಲಸ. ಕೈಗೆಟಕುವ ಎತ್ತರದ ದಿನಬಳಕೆಯ ಖಾನೆ ಮೊದಲು, ರೇಷ್ಮೆ ಕೊನೆಗೆ. ಖಾಲಿಯಾದ ಖಾನೆಯನ್ನು ವಿನೆಗರ್ ಮತ್ತು ನೀರು ಸಮಪಾಲು ಬೆರೆಸಿ ಒರೆಸಿ, ಬಾಗಿಲು ತೆರೆದಿಟ್ಟು, ಎರಡು ಮೂರು ಗಂಟೆ ಟೇಬಲ್ ಫ್ಯಾನ್ ಹಾಕಿ. ಹಿಂಬದಿಯ ಹಲಗೆ ಅಂಗೈಗೆ ತಣ್ಣಗೆ ಹತ್ತಿದರೆ ಇನ್ನೂ ಒಣಗಿಲ್ಲ ಎಂದೇ ಲೆಕ್ಕ. ಕಪಾಟು ಹೊರಗೋಡೆಗೆ ತಾಗಿ ನಿಂತಿದ್ದರೆ ಎರಡು ಇಂಚು ಮುಂದಕ್ಕೆ ಎಳೆಯಿರಿ. ಗೋಡೆಗೇ ಕೂರಿಸಿದ್ದಾದರೆ ಆ ಬದಿಯಲ್ಲಿ ರೇಷ್ಮೆ, ಚರ್ಮದ ಬೆಲ್ಟು, ಕೋಟು ಬೇಡ.

ವಿಂಗಡಿಸುವಾಗ ‘ಇದು ಇಷ್ಟವೇ’ ಎಂದು ಕೇಳಿಕೊಂಡರೆ ಒಂದೂ ಹೊರಗೆ ಹೋಗುವುದಿಲ್ಲ. ಕಳೆದ ದೀಪಾವಳಿಯಿಂದ ಈಚೆಗೆ ಹಾಕಿದ್ದೀರಾ ಎಂದು ಕೇಳಿ. ಹಾಕಿಲ್ಲವಾದರೆ ಕಾರಣ ಹುಡುಕಿ. ಬಹಳ ಸಲ ಕಾರಣ ಸಣ್ಣದು. ಗುಂಡಿ ಹೋಗಿದೆ, ಫಾಲ್ ಬಿಚ್ಚಿದೆ, ರವಿಕೆ ಬಿಗಿ. ರವಿಕೆಯ ಪಕ್ಕದ ಹೊಲಿಗೆ ತಿರುಗಿಸಿ ನೋಡಿ. ಒಳಗೆ ಅರ್ಧದಿಂದ ಒಂದು ಇಂಚು ಬಟ್ಟೆ ಮಡಚಿಟ್ಟಿದ್ದರೆ ಬಿಚ್ಚಿ ಹೊಲಿಸಬಹುದು, ಸೀರೆ ಉಳಿಯುತ್ತದೆ. ಇಂಥವು ಒಂದೇ ಚೀಲಕ್ಕೆ, ಚೀಲ ಬಾಗಿಲ ಬಳಿಗೆ, ಅದೇ ವಾರ ದರ್ಜಿಯ ಹತ್ತಿರಕ್ಕೆ. ‘ಆಮೇಲೆ ನೋಡೋಣ’ ಎಂದು ಕಪಾಟಿನ ತಳಕ್ಕೆ ಹೋದ ಚೀಲ ಮುಂದಿನ ಮೇ ತಿಂಗಳಿಗೇ ಸಿಗುವುದು. ಸೀರೆ ಒಂದು ಕಡೆ, ರವಿಕೆಗಳ ಗಂಟು ಇನ್ನೊಂದು ಕಡೆ ಇಡುವುದೂ ತಪ್ಪು. ರವಿಕೆಯನ್ನು ಆಯಾ ಸೀರೆಯ ಮಡಿಕೆಯೊಳಗೇ ಇಟ್ಟರೆ ಮದುವೆಗೆ ಹೊರಡುವ ಬೆಳಿಗ್ಗೆ ಇಡೀ ಖಾನೆ ಕೆದಕಬೇಕಾಗುವುದಿಲ್ಲ.

ಮತ್ತೆ ಜೋಡಿಸುವಾಗ ಖಾನೆಯ ಮುಕ್ಕಾಲು ಭಾಗ ಮಾತ್ರ ತುಂಬಿ. ಉಳಿದ ಕಾಲು ಭಾಗ ಗಾಳಿಗೆ. ಮಡಚಿದ ಬಟ್ಟೆಯ ಅಟ್ಟಿ ಹತ್ತು ಇಂಚು ದಾಟಿದರೆ ಕೆಳಗಿನದನ್ನು ಎಳೆಯುವಾಗ ಮೇಲಿನದೆಲ್ಲ ಜಾರುತ್ತದೆ. ಕಪಾಟು ಕೆಡುವುದು ಅಲ್ಲಿಂದಲೇ. ಹ್ಯಾಂಗರಿನ ಭಾಗದ ಆಳ 22 ಇಂಚಿಗಿಂತ ಕಡಿಮೆಯಿದ್ದರೆ ಬಾಗಿಲು ಶರ್ಟಿನ ಭುಜವನ್ನು ಒತ್ತುತ್ತದೆ. ಅಂಥ ಕಡೆ ಹ್ಯಾಂಗರ್ ಹಟ ಬಿಟ್ಟು ಮಡಚಿಡುವುದೇ ಮೇಲು.

ರೇಷ್ಮೆಯ ವಿಷಯ ಬೇರೆ. ಅಂಗಡಿಯವರು ಕೊಟ್ಟ ಪ್ಲಾಸ್ಟಿಕ್ ಕವರಿನಲ್ಲಿ ಹಾಗೇ ಇಟ್ಟ ಸೀರೆಗಳೇ ಈ ಊರಲ್ಲಿ ಹೆಚ್ಚು ಹಾಳಾಗುವುದು. ಒಳಗೆ ಸಿಕ್ಕಿದ ತೇವಕ್ಕೆ ದಾರಿಯಿಲ್ಲ. ಒಗೆದ ಮಲ್ಮಲ್ ಬಟ್ಟೆ ಅಥವಾ ಹಳೆಯ ನೂಲಿನ ಪಂಚೆಯಲ್ಲಿ ಸುತ್ತಿಡಿ. ಉಟ್ಟು ಬಂದ ಸೀರೆಯನ್ನು ನೆರಳಲ್ಲಿ ಒಂದು ರಾತ್ರಿ ಹರವಿ, ಬೆವರು ಆರಿದ ಮೇಲೆಯೇ ಮಡಚಿ. ಬೆವರು, ಊಟದ ಕಲೆ ಇದ್ದಲ್ಲಿಗೇ ನುಸಿ ಮೊದಲು ಬರುವುದು. ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ಒಂದೇ ಗೆರೆಯಲ್ಲಿ ವರ್ಷಗಟ್ಟಲೆ ಮಡಚಿಟ್ಟ ಸೀರೆ ಆ ಗೆರೆಯಲ್ಲೇ ಸೀಳುತ್ತದೆ. ಭಾರದ ಜರಿ ಸೀರೆಯನ್ನು ಹ್ಯಾಂಗರಿಗೆ ತೂಗಿದರೆ ತನ್ನ ತೂಕಕ್ಕೇ ಜಗ್ಗುತ್ತದೆ. ಜರಿಯಲ್ಲಿರುವ ಬೆಳ್ಳಿ, ತಾಮ್ರ ತೇವದ ಗಾಳಿಗೆ ಕಪ್ಪಾಗುತ್ತವೆ. ಅದಕ್ಕೇ ಜರಿಯಂಚು ಒಳಗೆ ಬರುವಂತೆ ಮಡಚುವುದು, ಸೆಂಟು ನೇರವಾಗಿ ಹೊಡೆಯದಿರುವುದು.

ನುಸಿಗುಳಿಗೆ, ಇಲ್ಲಿಯವರ ಡಾಂಬರ್ ಗೋಳಿ, ಬಟ್ಟೆಗೆ ತಾಗಬಾರದು. ಅದರ ಆವಿ ಗಾಳಿಗಿಂತ ಭಾರ, ಕೆಳಗಿಳಿಯುತ್ತದೆ. ಆದ್ದರಿಂದ ತೆಳು ಬಟ್ಟೆಯ ಚೀಲದಲ್ಲಿ ಕಟ್ಟಿ ಮೇಲಿನ ಖಾನೆಯಲ್ಲಿಡಿ. ಅದರ ಜತೆ ಕರ್ಪೂರ ಇಡುವವರಿದ್ದಾರೆ. ಎರಡೂ ತಾಗಿದರೆ ಕರಗಿ ನೀರಾಗಿ ಬಟ್ಟೆಗೆ ಕಲೆ ಹಿಡಿಯುತ್ತದೆ. ಯಾವುದಾದರೂ ಒಂದೇ ಇರಲಿ. ಹಸುಗೂಸಿನ ಬಟ್ಟೆಯ ಹತ್ತಿರವಂತೂ ನುಸಿಗುಳಿಗೆ ಬೇಡವೇ ಬೇಡ. ರಕ್ತಕಣಗಳನ್ನು ಕಾಯುವ ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವ ಮಗುವಿನಲ್ಲಿ ಅದು ರಕ್ತಕಣಗಳನ್ನೇ ಒಡೆಯಬಲ್ಲದು. ಬೇವಿನ ಎಲೆ ಇಡುವುದಾದರೆ ಹಿಡಿದರೆ ಪುಡಿಯಾಗುವಷ್ಟು ಒಣಗಿರಬೇಕು. ಹಸಿ ಎಲೆಯಿಂದ ತೇವ ಹೆಚ್ಚುವುದಷ್ಟೇ.

ಗಂಜಿ ಹಾಕಿದ ನೂಲಿನ ಸೀರೆ, ಪಂಚೆಗಳನ್ನು ಮಳೆಗಾಲಕ್ಕೆ ಮುಂಚೆ ಒಗೆದು ಗಂಜಿ ತೆಗೆದೇ ಇಡಬೇಕು. ಸಿಲ್ವರ್‌ಫಿಶ್ ಹುಳಕ್ಕೆ ಗಂಜಿಯೇ ಊಟ, ಅದರ ಜತೆ ನೂಲೂ ಹೋಗುತ್ತದೆ. ಖಾನೆಗೆ ಹಾಸಿದ ಹಳೆಯ ಪೇಪರಿನ ಅಡಿಯಲ್ಲೂ ಅದೇ ಹುಳ. ಪೇಪರಿನ ಮಸಿ ತೇವಕ್ಕೆ ಬಿಳಿ ಬಟ್ಟೆಗೂ ಅಂಟುತ್ತದೆ. ಹಳೆಯ ನೂಲಿನ ಬೆಡ್‌ಶೀಟ್ ಕತ್ತರಿಸಿ ಹಾಸಿ, ತಿಂಗಳಿಗೊಮ್ಮೆ ಒಗೆಯಿರಿ.

ಇಸ್ತ್ರಿಯವನಿಂದ ಬಂದ ಗಂಟನ್ನು ನೇರ ಕಪಾಟಿಗೆ ಹಾಕುವ ಅಭ್ಯಾಸ ಬಿಡಿ. ನೀರು ಚಿಮುಕಿಸಿ ಒತ್ತಿದ ಬಟ್ಟೆ, ಬಿಸಿಯಿರುವಾಗ ಒಣಗಿದಂತೆ ಕಾಣುತ್ತದೆ. ಕಾಲರಿನ ಮಡಿಕೆಯೊಳಗೆ ಬೆರಳಿಟ್ಟರೆ ತೇವ ಗೊತ್ತಾಗುತ್ತದೆ. ಫ್ಯಾನಿನಡಿ ಒಂದು ಗಂಟೆ ಬಿಡಿ. ಒಮ್ಮೆ ಹಾಕಿ ಲೋಕಲ್ ರೈಲಿನಲ್ಲಿ ಓಡಾಡಿ ಬಂದ ಬಟ್ಟೆಯೂ ಒಳಗೆ ಹೋಗಬಾರದು. ಅದಕ್ಕೆಂದೇ ಬಾಗಿಲ ಹಿಂದೆ ತಲೆಗೊಂದರಂತೆ ಗೂಟ. ಗೂಟ ತುಂಬಿದರೆ ಒಗೆಯುವ ದಿನ ಬಂತೆಂದೇ ತಿಳಿಯಬೇಕು.

ಮಳೆಗಾಲದಲ್ಲಿ ಕ್ಯಾಲ್ಸಿಯಂ ಕ್ಲೋರೈಡ್‌ನ ತೇವ ಹೀರುವ ಡಬ್ಬಿ ಒಳ್ಳೆಯದೇ. ಆದರೆ ಅದನ್ನು ಕಪಾಟಿನ ತಳದಲ್ಲಿ, ಅಲುಗಾಡದಂತೆ ಇಡಿ. ಅದರಲ್ಲಿ ಸೇರುವ ಉಪ್ಪುನೀರು ಚೆಲ್ಲಿದರೆ ಚರ್ಮ, ರೇಷ್ಮೆ ಎರಡೂ ಕೆಡುತ್ತವೆ. ಕಾಳು ಕರಗಿ ನೀರಾದ ಮೇಲೆ ಅದರಿಂದ ಉಪಯೋಗವಿಲ್ಲ, ಬದಲಿಸಬೇಕು. ಬಟ್ಟೆಯ ಮೇಲೆ ಬೂಷ್ಟು ಕಂಡರೆ ಮನೆಯೊಳಗೆ ಕೊಡವಬೇಡಿ, ಪಕ್ಕದ ಬಟ್ಟೆಗೂ ಹಬ್ಬುತ್ತದೆ.

ಹೊರಗೆ ಹೋಗಬೇಕಾದ ಬಟ್ಟೆಗೆ ಈ ಊರಲ್ಲಿ ದಾರಿಗಳಿವೆ. ಹಳೆಯ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಬೋಹಾರೀಣ್ ಕೆಲವು ಬಡಾವಣೆಗಳಲ್ಲಿ ಇನ್ನೂ ಬರುತ್ತಾಳೆ. ಅವಳು ತಿರುಗಿ ಮಾರಬೇಕಾದವಳು. ಒಗೆದ, ಹರಿಯದ ಪ್ಯಾಂಟು, ಸೀರೆಗೆ ಬೆಲೆ ಸಿಗುತ್ತದೆ, ಚಿಂದಿಗಲ್ಲ. ಅಜ್ಜಿಯ ಕಾಲದ ಜರಿ ಸೀರೆಯನ್ನು ಮಾತ್ರ ಹಾಗೆ ಕೊಟ್ಟುಬಿಡಬೇಡಿ. ಅಸಲಿ ಜರಿಯಾದರೆ ಅದರಲ್ಲಿ ಬೆಳ್ಳಿ ಇರುತ್ತದೆ, ತಿಳಿದವರಿಗೆ ತೋರಿಸಿ. ಮೆತ್ತಗಾದ ನೂಲಿನ ಸೀರೆಗಳನ್ನು ಒಗೆದು ಗಂಟು ಕಟ್ಟಿ, ಊರಿಗೆ ಹೋಗುವಾಗ ಕೌದಿ ಹೊಲಿಯುವವರಿಗೆ ಒಯ್ಯಿರಿ. ಆ ಗಂಟಿನಲ್ಲಿ ನೈಲಾನ್, ಪಾಲಿಯೆಸ್ಟರ್ ಸೇರದಿರಲಿ. ನಡುವೆ ಅಂಥ ಒಂದು ಪದರ ಬಂದರೂ ಬೆವರು ಹೀರುವುದಿಲ್ಲ, ಒಗೆದಾಗ ಒಂದೊಂದು ಪದರ ಒಂದೊಂದು ಕಡೆ ಎಳೆದು ಹೊಲಿಗೆಯೆಲ್ಲ ಸುಕ್ಕಾಗುತ್ತದೆ.